ಬಿಳಿ ಕೋಟು, ದೊಡ್ಡ ಕನ್ನಡಕ

ಮೊಮ್ಮಗಳು ಪಿಯುಸಿ ಸೈನ್ಸ್ ಸೇರಿ ಮೂರು ವಾರವಾಗಿತ್ತು. ಒಂದು ಸಂಜೆ ಅಂಕೋಲಾದಿಂದ ಬಸ್ಸಿಳಿದು ಬಂದವಳೇ ಒಂದು ಚೀಟಿ ಕೊಟ್ಟಳು. ಕೆಮಿಸ್ಟ್ರಿ ರೆಕಾರ್ಡ್ ಪುಸ್ತಕ ಒಂದು, ಬಿಳಿ ಏಪ್ರನ್ ಒಂದು ಎಂದಿತ್ತು. ನಾನು ಬಿಕಾಂ ಓದಿ, ಬ್ಯಾಂಕಿನಲ್ಲಿ ಕೂಡಿ ಕಳೆದು ನಿವೃತ್ತನಾದವನು. ಆಸಿಡ್ಡಿಗೂ ನನಗೂ ಇರುವ ನಂಟು ಊಟವಾದ ಮೇಲೆ ಎದೆ ಉರಿಯುವಷ್ಟೇ. ಆದರೂ ಕೇಳಿದೆ: "ಕನ್ನಡಕ ಬರೆದಿಲ್ವಲ್ಲ ತಂಗೀ?"

"ನನ್ನ ಹತ್ರ ಇದ್ಯಲ್ಲ ಅಜ್ಜ" ಎಂದು ಮೂಗಿನ ಮೇಲಿದ್ದುದನ್ನು ತೋರಿಸಿದಳು.

ನಾನು ಕೇಳಿದ್ದಕ್ಕೆ ಕಾರಣವಿತ್ತು. 1970ರ ಸುಮಾರಿಗೆ ನಾನೂ ನನ್ನ ಗೆಳೆಯನೂ ಒಂದೇ ಕಾಲೇಜಿನಲ್ಲಿ ಓದುತ್ತಿದ್ದೆವು. ನಾನು ಕಾಮರ್ಸ್, ಅವನು ಸೈನ್ಸ್. ಅವರ ಲ್ಯಾಬಿನ ಕಿಟಕಿಯ ಪಕ್ಕ ಹೋದರೆ ಕೊಳೆತ ಮೊಟ್ಟೆಯ ವಾಸನೆ. ನಾವು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು. ಒಂದು ದಿನ ಪಕ್ಕದ ಹುಡುಗ ಉಪ್ಪಿನ ಪರೀಕ್ಷೆಗೆಂದು ಪ್ರನಾಳದಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಕಾಯಿಸುತ್ತಿದ್ದ. ಪ್ರನಾಳದ ಬಾಯಿ ನನ್ನ ಗೆಳೆಯನ ಕಡೆಗಿತ್ತು. ಫಕ್ಕನೆ ಕುದಿದು ಹೊರಚಿಮ್ಮಿದ್ದು ಅವನ ಎಡಗಣ್ಣಿಗೆ ಬಿತ್ತು. ಒಬ್ಬ ಮಾಸ್ತರರನ್ನು ಕರೆಯಲು ಓಡಿದ, ಒಬ್ಬ ಅಂಗವಸ್ತ್ರ ಹುಡುಕಿದ. ನೀರು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಕಣ್ಣು ಬೆಳ್ಳಗಾಗಿ ಹೋಯಿತು. ಮುಂದೆ ಅವನು ನನ್ನ ಕೌಂಟರಿಗೆ ಬಂದಾಗಲೆಲ್ಲ ಪಾಸ್‌ಬುಕ್ಕನ್ನು ಬಲಗಣ್ಣಿನ ಕಡೆಗೆ ಓರೆಯಾಗಿ ಹಿಡಿದು ಓದುತ್ತಿದ್ದ. ಈಗಲೂ ಹಾಗೆಯೇ.

ನಾವೆಲ್ಲ ಆಸಿಡ್ ಎಂದರೆ ಹೆದರುತ್ತೇವೆ. ಆದರೆ ಕಣ್ಣಿನ ಮಟ್ಟಿಗೆ ಕ್ಷಾರವೇ ಹೆಚ್ಚು ಕೆಟ್ಟದ್ದು. ಅದು ಕಣ್ಣಿನ ಪದರವನ್ನು ಕರಗಿಸುತ್ತ ಒಳಗೆ ಇಳಿಯುತ್ತದೆ. ಯಾವುದೇ ಬಿದ್ದರೂ ಮೊದಲು ನೀರು: ರೆಪ್ಪೆ ಬಿಡಿಸಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ಸುರಿಯುತ್ತಲೇ ಇರಬೇಕು, ಆಮೇಲೆ ಡಾಕ್ಟರು. ಲ್ಯಾಬಿನಲ್ಲಿ ಉರಿಯುವ ಬುನ್ಸೆನ್ ಬರ್ನರ್ ಗೊತ್ತಲ್ಲ, ಆ ಹೆಸರಿನ ಜರ್ಮನ್ ವಿಜ್ಞಾನಿ ರಾಬರ್ಟ್ ಬುನ್ಸೆನ್ ಕೂಡ ಆರ್ಸೆನಿಕ್ ಸಂಯುಕ್ತವೊಂದು ಸಿಡಿದು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡವನೇ.

ಸರಿ, ಭಾನುವಾರ ಪೇಟೆಗೆ ಹೋದೆವು. ಅಂಗಡಿಯವರು ಮಿರಿಮಿರಿ ಮಿಂಚುವ ಕೋಟೊಂದನ್ನು ಹರಡಿ, "ಇಸ್ತ್ರಿನೇ ಬೇಡ ಸಾಹೇಬ್ರೇ, ಸುಕ್ಕು ಬೀಳೂದಿಲ್ಲ" ಎಂದರು. ನನಗೆ ಅಲ್ಲೇ ಅನುಮಾನ ಬಂತು. ಸುಕ್ಕು ಬೀಳದ ಬಟ್ಟೆ ಹತ್ತಿಯದಲ್ಲ. ಮನೆಗೆ ತಂದು, ಒಳಮಡಿಕೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರು ತುಂಬಿದ ತಟ್ಟೆಯ ಮೇಲೆ ಬೆಂಕಿಕಡ್ಡಿ ತಾಗಿಸಿದೆ. (ಮಕ್ಕಳೇ, ಇದನ್ನು ಅಜ್ಜನೋ ಅಜ್ಜಿಯೋ ಮಾಡಲಿ, ನೀವು ನೋಡಿ.) ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ವಾಸನೆಯೂ ಕಾಗದದ್ದೇ. ಇದು ಮುದುಡಿತು, ಕರಗಿತು, ತುದಿಯಲ್ಲಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. "ಇದೇ ಮಣಿ ನಿನ್ನ ಕೈಮೇಲೆ ಅಂಟಿದ್ರೆ?" ಎಂದೆ. ಅವಳು ಮಾತಾಡಲಿಲ್ಲ. ಹತ್ತಿಯೂ ಉರಿಯುತ್ತದೆ, ನಿಜ. ಆದರೆ ಕರಗಿ ಚರ್ಮಕ್ಕೆ ಹತ್ತಿಕೊಳ್ಳುವುದಿಲ್ಲ. 2008ರ ಡಿಸೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಾಳಿ ತಾಗಿದರೆ ಹೊತ್ತಿಕೊಳ್ಳುವ ದ್ರವವೊಂದು ಚೆಲ್ಲಿ ಯುವ ಸಂಶೋಧಕಿಯೊಬ್ಬಳ ಬಟ್ಟೆಗೆ ಬೆಂಕಿ ಹತ್ತಿತು. ಅವಳು ತೊಟ್ಟಿದ್ದು ಸಿಂಥೆಟಿಕ್ ಸ್ವೆಟರ್, ಮೇಲೆ ಲ್ಯಾಬ್ ಕೋಟು ಇರಲಿಲ್ಲ. ಹದಿನೆಂಟು ದಿನಗಳ ಮೇಲೆ ಅವಳು ತೀರಿಕೊಂಡಳು.

ಕೋಟು ವಾಪಸು ಕೊಟ್ಟು ದಪ್ಪ ಹತ್ತಿ ಬಟ್ಟೆ ಕೊಂಡೆವು. ಹತ್ತಿ ಕುಗ್ಗುತ್ತದೆಂದು ಒಂದು ರಾತ್ರಿ ನೆನೆಸಿ ಒಣಗಿಸಿಯೇ ಹೊಲಿಯಲು ಕೊಟ್ಟಿದ್ದು. ಟೇಲರಣ್ಣನಿಗೂ ನನಗೂ ಸಣ್ಣ ಜಗಳವೇ ಆಯಿತು. ಅವನಿಗೆ ಗುಂಡಿ ಹಾಕುವ ಆಸೆ, ನನಗೆ ಟಿಚ್‌ಬಟನ್ ಬೇಕು. ಏನಾದರೂ ಚೆಲ್ಲಿದರೆ ಒಂದೇ ಎಳೆತಕ್ಕೆ ಕೋಟು ಬಿಚ್ಚಿಕೊಳ್ಳಬೇಕು. ಗುಂಡಿ ಒಂದೊಂದಾಗಿ ತೆಗೆಯುತ್ತ ನಿಲ್ಲಲಾಗುತ್ತದೆಯೇ? ತೋಳು ಮಣಿಕಟ್ಟಿನವರೆಗೆ, ಅಲ್ಲಿ ಜೋಲಾಡಬಾರದು. ಉದ್ದ ಮೊಣಕಾಲಿನವರೆಗೆ. ಚೂಡಿದಾರದ ಮೇಲೆ ತೊಟ್ಟು ಕೈ ಎತ್ತಿ ಇಳಿಸಿ ನೋಡಿದ ಮೇಲೆಯೇ ಹಣ ಕೊಟ್ಟೆ. ವೇಲ್ ಲ್ಯಾಬಿನ ಹೊರಗೇ ಇರಬೇಕು, ಜಡೆ ಕೋಟಿನೊಳಗೆ ಹೋಗಬೇಕು. ಮಳೆಗಾಲದಲ್ಲಿ ನಮ್ಮ ಊರಿನವರಿಗೆಲ್ಲ ರಬ್ಬರ್ ಚಪ್ಪಲಿಯೇ ಪ್ರೀತಿ. ಲ್ಯಾಬಿಗೆ ಅದು ಆಗದು, ಶಾಲೆಗೆ ಹಾಕುತ್ತಿದ್ದ ಕಪ್ಪು ಬೂಟೇ ಸಾಕು.

ಕನ್ನಡಕ ಹುಡುಕುವುದೇ ಕಷ್ಟವಾಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಮರಗೆಲಸದವರು ಹಾಕುವುದನ್ನು ಕೊಟ್ಟರು. ಅದರ ಬದಿಯಲ್ಲಿ ಸಾಲಾಗಿ ತೂತುಗಳು. ಬೆಳಕಿಗೆ ಹಿಡಿದೆ, ತೂತಿನಿಂದ ಆಚೆ ಬದಿ ನೇರ ಕಾಣಿಸಿತು. ಬೆಳಕು ನೇರ ಬರುವಲ್ಲಿ ಸಿಡಿದ ಹನಿಯೂ ನೇರ ಬರುತ್ತದೆ. ಅದು ಮರದ ಚೂರು ತಡೆಯಲಿಕ್ಕೆ ಸರಿ, ದ್ರಾವಣಕ್ಕಲ್ಲ. ನಮಗೆ ಬೇಕಾದ್ದು ಕಣ್ಣಿನ ಸುತ್ತ ಮುಖಕ್ಕೆ ಒತ್ತಿ ಕೂರುವಂಥದ್ದು, ಗಾಳಿ ಆಡುವ ದಾರಿಗೆ ಮುಚ್ಚಳವಿರುವಂಥದ್ದು. ಗಾಜು ಪಾಲಿಕಾರ್ಬನೇಟ್‌ನದಾಗಿರಲಿ. ನಮ್ಮ ದೇಶದ ಮಾನಕ ಐಎಸ್ 5983. ಹೊರಗಿನದಾದರೆ ಇಎನ್ 166 ಎಂದಿದ್ದು ಚೌಕಟ್ಟಿನ ಮೇಲೆ 3 ಎಂಬ ಅಂಕಿಯೋ, ಇಲ್ಲವೇ ಜೆಡ್ 87ರ ಜೊತೆ ಡಿ 3 ಎಂದೋ ಇದ್ದರೆ ಹನಿ ತಡೆಯುವಂಥದ್ದು ಎಂದರ್ಥ. ಚೆಕ್ಕಿನ ಮೇಲಿನ ಸಣ್ಣ ಅಕ್ಷರ ಓದಿ ರೂಢಿಯಿದ್ದವನಿಗೆ ಇದೇನೂ ಕಷ್ಟವಾಗಲಿಲ್ಲ.

ಮೊಮ್ಮಗಳ ಕನ್ನಡಕದ ಮೇಲೆಯೇ ಕೂರುವ ಅಗಲವಾದದ್ದು ಕಡೆಗೆ ಸಿಕ್ಕಿತು. ದಿನಾ ಹಾಕುವ ಕನ್ನಡಕ ಬದಿಯನ್ನೂ ಮೇಲನ್ನೂ ಕಾಯುವುದಿಲ್ಲ. ತಂಪುಕನ್ನಡಕವಂತೂ ಬಿಡಿ. ಕರಾವಳಿಯ ಸೆಕೆಗೆ ಒಳಗೆ ಮಂಜು ಹಿಡಿಯುತ್ತದೆ, ಅದಕ್ಕೇ ಮಕ್ಕಳು ಹಣೆಗೇರಿಸಿಕೊಳ್ಳುತ್ತಾರೆ. ಮಂಜು ಹಿಡಿಯದ ಲೇಪವಿದ್ದದ್ದು ಸಿಕ್ಕರೆ ಒಳ್ಳೆಯದು. ಒಣ ಸೆರಗಿನಿಂದ ಉಜ್ಜಬೇಡಿ, ಗೀರು ಬೀಳುತ್ತದೆ.

ಕೈಗವಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರ್ನರ್ ಮುಂದೆ ತೆಳು ರಬ್ಬರ್ ಕೈಗವಸು ಬೇಡ, ಮೇಷ್ಟ್ರು ಹೇಳಿದಾಗ ಹಾಕಿದರೆ ಸಾಕು. ಕೋಟು ತೊಟ್ಟುಕೊಂಡೇ ಬಸ್ ಹತ್ತುವ ಶೋಕಿ ಮಾತ್ರ ಬೇಡ. ನಮ್ಮ ಕೈಗಾ ಅಣುಸ್ಥಾವರದಲ್ಲಿ ವಿಕಿರಣವಿರುವ ಜಾಗದಲ್ಲಿ ಕೆಲಸ ಮಾಡುವವರು ಆ ಬಟ್ಟೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ನಮ್ಮದು ಚೀಲದಲ್ಲಿ ಬಂದು, ಬೇರೆ ಬಟ್ಟೆಗೆ ಸೇರಿಸದೆ ಒಗೆಯುವಂತಾದರೆ ಆಯಿತು.

ಮೊನ್ನೆ ಗೆಳೆಯ ಮನೆಗೆ ಬಂದಿದ್ದ. ಮೊಮ್ಮಗಳು ಕೋಟು ತೊಟ್ಟು ಕನ್ನಡಕ ಹಾಕಿ ಅವನೆದುರು ನಿಂತಳು. ಅವನು ಬಲಗಣ್ಣು ಹತ್ತಿರ ತಂದು, ಚೌಕಟ್ಟಿನ ಸುತ್ತ ಬೆರಳಾಡಿಸಿ ಎಲ್ಲಾದರೂ ಸಂದಿ ಇದೆಯೇ ಎಂದು ನೋಡಿದ. ಕೆನ್ನೆಯ ಹತ್ತಿರ ಒಂದು ಕಡೆ ಬೆರಳು ನಿಂತಿತು. "ಪಟ್ಟಿ ಇನ್ನೊಂಚೂರು ಬಿಗಿ ಮಾಡು ಮಗಾ" ಎಂದ. ಅವಳು ಬಿಗಿ ಮಾಡಿದಳು. ಮತ್ತೊಮ್ಮೆ ಬೆರಳಾಡಿಸಿ, ತಲೆಯಾಡಿಸಿ, ಚಹಾ ಎಲ್ಲಿ ಎಂದು ಕೇಳಿದ.