ಗ್ರಂಥಾಲಯಗಳಿಂದ ಬಂದ ರಾಕ್ ಸಂಗೀತ: ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಮತ್ತು ಅವರ ಊರು

ದಕ್ಷಿಣ ವೇಲ್ಸಿನ ಬ್ಲ್ಯಾಕ್‌ವುಡ್ ಪಟ್ಟಣದಲ್ಲಿ 1925ರಿಂದ ಗಣಿಕಾರ್ಮಿಕರ ಭವನವೊಂದಿದೆ. ಅದಕ್ಕೆ ನೀಡುತ್ತಿದ್ದ ಸಹಾಯಧನವನ್ನು ನಿಲ್ಲಿಸಿ ಬಾಗಿಲು ಮುಚ್ಚುವ ಪ್ರಸ್ತಾವವನ್ನು ಕೆರ್ಫಿಲಿ ಕೌನ್ಸಿಲ್ 2024ರಲ್ಲಿ ಮುಂದಿಟ್ಟಿತು. ಮರುವರ್ಷ ಹತ್ತು ಗ್ರಂಥಾಲಯಗಳನ್ನು ಮುಚ್ಚುವ ಯೋಜನೆಯೂ ಬಂದಿತು. ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರಿಗೆ ಇಂತಹ ಸುದ್ದಿ ಹೊಸತೇನಲ್ಲ. ಆದರೆ ಬ್ಲ್ಯಾಕ್‌ವುಡ್ ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ತಂಡದ ಊರು. ಗ್ರಂಥಾಲಯಗಳ ಮಾತಿನಿಂದ ಆರಂಭವಾಗುವ ಹಾಡೊಂದನ್ನು ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿಸಿದ ತಂಡ ಅದು. ಅವರ ಸಾಧನೆಯನ್ನು ಅಳೆಯುವಾಗ ಈ ಸುದ್ದಿಯನ್ನು ಬದಿಗಿಡಲಾಗದು.

ಸಿರ್ಹೋವಿ ಕಣಿವೆಯ ಕಲ್ಲಿದ್ದಲು ಕಾರ್ಮಿಕರು ತಮ್ಮ ಕೂಲಿಯಿಂದ ಪುಡಿಗಾಸು ಕೂಡಿಸಿ ವಾಚನಾಲಯಗಳನ್ನು ಕಟ್ಟಿಕೊಂಡವರು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಸ್ಥಾಪಿಸಿದ ಅನೈರಿನ್ ಬೆವನ್ ಓದಿ ಬೆಳೆದದ್ದು ಇದೇ ಕಣಿವೆಯ ಮೇಲ್ಭಾಗದ ಟ್ರೆಡೀಗರ್ ಊರಿನ ಇಂತಹ ಗ್ರಂಥಾಲಯದಲ್ಲಿ. 1984-85ರ ಮುಷ್ಕರ ಸೋತ ಮೇಲೆ ಗಣಿಗಳು ಒಂದೊಂದಾಗಿ ಮುಚ್ಚಿದವು. ಆ ಸೋಲಿನ ನೆರಳಿನಲ್ಲಿ, 1986ರಲ್ಲಿ, ಈ ತಂಡ ಹುಟ್ಟಿತು. ಜೇಮ್ಸ್ ಡೀನ್ ಬ್ರಾಡ್‌ಫೀಲ್ಡ್, ಶಾನ್ ಮೂರ್, ನಿಕಿ ವೈರ್, ರಿಚಿ ಎಡ್ವರ್ಡ್ಸ್ ನಾಲ್ವರೂ ಓದಿದ್ದು ಓಕ್‌ಡೇಲಿನ ಸರ್ಕಾರಿ ಶಾಲೆಯಲ್ಲಿ; ಸಾಹಿತ್ಯ ಬರೆಯುತ್ತಿದ್ದ ವೈರ್ ಮತ್ತು ಎಡ್ವರ್ಡ್ಸ್ ಮುಂದೆ ಸ್ವಾನ್‌ಸೀ ವಿಶ್ವವಿದ್ಯಾಲಯಕ್ಕೆ ಹೋದರು. ಗಿಟಾರಿನ ಅಬ್ಬರದ ನಡುವೆ ಇತಿಹಾಸ, ತತ್ತ್ವಶಾಸ್ತ್ರ, ಕಾವ್ಯಗಳನ್ನು ಎಳೆದು ತರುವ ಅವರ ಹಟಕ್ಕೆ ಮೂಲ ಇಲ್ಲಿದೆ. ಒಂದೇ ಆಲ್ಬಮ್ಮನ್ನು ಕೋಟಿಗಟ್ಟಲೆ ಮಾರಿ ತಂಡವನ್ನು ವಿಸರ್ಜಿಸುತ್ತೇವೆಂದು ಆರಂಭದಲ್ಲಿ ಕೊಚ್ಚಿಕೊಂಡಿದ್ದರು. 1992ರ 'ಜನರೇಶನ್ ಟೆರರಿಸ್ಟ್ಸ್' ಅಷ್ಟೇನೂ ಮಾರಲಿಲ್ಲ; ಆ ಮಾತು ಸುಳ್ಳಾದದ್ದು ಸಂಗೀತದ ಭಾಗ್ಯವೆನ್ನಬೇಕು.

1994ರ 'ದ ಹೋಲಿ ಬೈಬಲ್' ಅವರ ಕೃತಿಗಳಲ್ಲಿ ಅತ್ಯಂತ ಕಠಿಣವಾದದ್ದು, ನನ್ನ ದೃಷ್ಟಿಯಲ್ಲಿ ಅತ್ಯಂತ ಶ್ರೇಷ್ಠವಾದದ್ದೂ ಹೌದು. ಅದರ ಸಾಹಿತ್ಯದ ಬಹುಪಾಲು ಎಡ್ವರ್ಡ್ಸ್ ಅವರದು. 1995ರ ಫೆಬ್ರವರಿ 1ರಂದು ಅವರು ಕಾಣೆಯಾದರು. ಕಾರು ಸೆವರ್ನ್ ಸೇತುವೆಯ ಬಳಿ ಸಿಕ್ಕಿತು, ಅವರು ಸಿಗಲಿಲ್ಲ. 2008ರಲ್ಲಿ ಕಾನೂನು ಅವರನ್ನು ಮೃತರೆಂದು ಭಾವಿಸಿತು. ಉಳಿದ ಮೂವರು ಹೊಸಬರನ್ನು ಆ ಸ್ಥಾನಕ್ಕೆ ತರಲಿಲ್ಲ. ಸಂಭಾವನೆಯಲ್ಲಿ ಗೆಳೆಯನ ಪಾಲನ್ನು ವರ್ಷಗಟ್ಟಲೆ ತೆಗೆದಿರಿಸಿದರು. ಆತ ಬಿಟ್ಟುಹೋದ ಬರಹಗಳಿಗೆ 2009ರಲ್ಲಿ ರಾಗ ಹಾಕಿದರು.

ಆ ದುಃಖದ ನಂತರ ಬಂದ ಮೊದಲ ಸಿಂಗಲ್ಲೇ 1996ರ 'ಎ ಡಿಸೈನ್ ಫಾರ್ ಲೈಫ್'. ದುಡಿಯುವ ವರ್ಗಕ್ಕೆ ಕುಡಿತ ಬಿಟ್ಟು ಬೇರೇನೂ ತಿಳಿಯದೆಂಬ ಮೇಲುವರ್ಗದ ತಾತ್ಸಾರವನ್ನು ಅದು ಅಣಕಿಸುತ್ತದೆ. ಬಿಯರ್ ಲೋಟ ಎತ್ತಿ ಹಿಡಿದು ಅದರ ಪಲ್ಲವಿಯನ್ನು ಹಾಡಿದ ಜನಸಮೂಹಗಳಿಗೆ ಆ ವ್ಯಂಗ್ಯ ಎಷ್ಟು ತಟ್ಟಿತೋ! 1998ರಲ್ಲಿ ಸ್ಪೇನಿನ ಅಂತರ್ಯುದ್ಧವನ್ನು ಕುರಿತ ಹಾಡು ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದನ್ನೊಳಗೊಂಡ ಆಲ್ಬಮ್ಮಿನ ಶೀರ್ಷಿಕೆ ಬೆವನ್ ಅವರ ಮಾತಿನಿಂದ ಬಂದದ್ದು. ಎಡವಿದ್ದೂ ಉಂಟು. 2001ರಲ್ಲಿ ಹವಾನಾದ ಕಾರ್ಲ್ ಮಾರ್ಕ್ಸ್ ರಂಗಮಂದಿರದಲ್ಲಿ ಫಿಡೆಲ್ ಕ್ಯಾಸ್ಟ್ರೊ ಎದುರು ಅವರು ಹಾಡಿದರು. ಕವಿಯನ್ನು ಸೆರೆಗೆ ತಳ್ಳಿದ್ದ ಆಡಳಿತದ ಆತಿಥ್ಯವನ್ನು ಪುಸ್ತಕಪ್ರೇಮಿಗಳು ಅಷ್ಟು ಸಲೀಸಾಗಿ ಸ್ವೀಕರಿಸಬಾರದಿತ್ತು.

ಅವರ ಪರಂಪರೆಯನ್ನು ಅನಂತರದ ವೆಲ್ಷ್ ತಂಡಗಳಲ್ಲಿ ಹುಡುಕುವುದು ವಾಡಿಕೆ. ಅವರನ್ನು ರೂಪಿಸಿದ ಸಂಸ್ಥೆಗಳ ಗತಿಯನ್ನು ಗಮನಿಸುವುದು ಹೆಚ್ಚು ಉಪಯುಕ್ತ. 2009ರಲ್ಲಿ ಕಾರ್ಡಿಫ್‌ನ ಹೊಸ ಕೇಂದ್ರ ಗ್ರಂಥಾಲಯವನ್ನು ವಿಧ್ಯುಕ್ತವಾಗಿ ಉದ್ಘಾಟಿಸಲು ಇದೇ ತಂಡವನ್ನು ಕರೆಯಲಾಗಿತ್ತು. ರಾಜಧಾನಿಗೆ ಅಂತಹ ಕಟ್ಟಡ ಸಾಧ್ಯ. ಕಣಿವೆಯ ಸಣ್ಣ ಊರಿನ ಗ್ರಂಥಾಲಯ ಮುಚ್ಚಿದರೆ ಅಲ್ಲಿಯ ಹುಡುಗಿಯೊಬ್ಬಳು ಪುಸ್ತಕಕ್ಕಾಗಿ ಪಕ್ಕದ ಪಟ್ಟಣಕ್ಕೆ ಬಸ್ಸು ಹಿಡಿಯಬೇಕು. ಸಮರ್ಪಕ ಗ್ರಂಥಾಲಯ ಸೇವೆ ಸ್ಥಳೀಯ ಆಡಳಿತದ ಕರ್ತವ್ಯವೆಂದು 1964ರ ಕಾಯ್ದೆ ಹೇಳುತ್ತದೆ, ಆದರೆ ಎಷ್ಟು ಶಾಖೆಗಳಿರಬೇಕೆಂದು ಹೇಳುವುದಿಲ್ಲ. ಆಯವ್ಯಯದ ಕತ್ತರಿ ಆಡುವುದು ಆ ಸಂದಿನಲ್ಲಿಯೇ. ಗಣಿಕಾರ್ಮಿಕರ ಪುಸ್ತಕಭಂಡಾರಗಳು ಚೆದುರಿಹೋಗುತ್ತಿದ್ದಾಗ ಅಳಿದುಳಿದವನ್ನು ಕಾಪಾಡಲು 1973ರಲ್ಲಿ ಸ್ವಾನ್‌ಸೀಯಲ್ಲಿ ಪ್ರತ್ಯೇಕ ಗ್ರಂಥಾಲಯವನ್ನೇ ತೆರೆಯಬೇಕಾಯಿತು. ಆ ಪುಸ್ತಕಗಳನ್ನು ನೋಡಲು ಇಂದು ಸಂಶೋಧಕರು ಅಲ್ಲಿಗೆ ಹೋಗುತ್ತಾರೆ.