ಹದಿನಾರು ಇಟ್ಟಿಗೆಯ ಆಟ, ಹತ್ತು ಇಟ್ಟಿಗೆಯ ಪರದೆ

ಚಿಕ್ಕೋಡಿ ಸೀಮೆಯ ಏಕಸಂಬಿ, ಸದಲಗಾ ಕಡೆಯ ಎಷ್ಟೋ ಮನೆಗಳಲ್ಲಿ ದೊಡ್ಡ ಫೋನು ದುಡಿಯುವವರ ಕಿಸೆ ಸೇರಿರುತ್ತದೆ. ಹುಡುಗರ ಕೈಗೆ ಸಿಗುವುದು ಅಜ್ಜನ ಬಟನ್ ಫೋನು. ಆ ಫೋನಿಗಾಗಿ ಒಳ್ಳೆಯ ಆಟ ಮಾಡುವವರು ಈಗ ಯಾರೂ ಇಲ್ಲದಂತಾಗಿದೆ. ಹಳೆಯ ಯಂತ್ರಕ್ಕೆ ಆಟ ಹೊಂದಿಸುವುದು ಎಂಜಿನಿಯರಿಂಗ್‌ನಲ್ಲಿ ಮೇಲ್ದರ್ಜೆಯ ಕೆಲಸ. ಅದನ್ನು ನಮ್ಮ ಕಾಲೇಜುಗಳು ಕೈಗೆತ್ತಿಕೊಳ್ಳಬೇಕು.

ಮಾರಿಯೋನನ್ನೇ ನೋಡಿ. 1985ರಲ್ಲಿ ಜಪಾನಿನ ನಿಂಟೆಂಡೊ ತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಇಡಿಯಾಗಿ 40 ಕಿಲೋಬೈಟ್. ಇಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಫೋಟೊ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ತೊಂಬತ್ತರ ದಶಕದಲ್ಲಿ ನಕಲಿ ಟಿವಿ ಗೇಮ್‌ಗಳ ಕ್ಯಾಸೆಟ್ಟಿನಲ್ಲಿ ಭಾರತದ ಮಕ್ಕಳು ಆಡಿದ್ದು ಇದನ್ನೇ. ಟಿವಿಯಲ್ಲಿ ಅದರ ಚಿತ್ರ 256 ಚುಕ್ಕೆ ಅಗಲ, 240 ಚುಕ್ಕೆ ಎತ್ತರ. ಮಾರಿಯೋ ಜಿಗಿದು ಒಡೆಯುವ ಇಟ್ಟಿಗೆಯ ಲೆಕ್ಕದಲ್ಲಿ ಹೇಳುವುದಾದರೆ ಹದಿನಾರು ಇಟ್ಟಿಗೆ ಅಗಲ, ಹದಿನೈದು ಎತ್ತರ.

1999ರಲ್ಲಿ ಅದೇ ಆಟ ‘ಡಿಲಕ್ಸ್’ ಎಂಬ ಹೆಸರಿನಲ್ಲಿ ಗೇಮ್ ಬಾಯ್ ಕಲರ್‌ಗೆ ಬಂತು. ಅಂಗೈಯಗಲದ ಆ ಯಂತ್ರದ ಪರದೆಯಲ್ಲಿ 160 ಚುಕ್ಕೆ ಅಗಲ, 144 ಎತ್ತರ. ಹತ್ತು ಇಟ್ಟಿಗೆಗೆ ಒಂಬತ್ತು ಇಟ್ಟಿಗೆ. ಚಿತ್ರವನ್ನೆಲ್ಲ ಕುಗ್ಗಿಸಿ ತುರುಕಿದ್ದರೆ ಪಾತ್ರ ಕಣ್ಣಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಮಾರಿಯೋನ ಗಾತ್ರವನ್ನು ಇದ್ದಂತೆಯೇ ಉಳಿಸಿ, ಪರದೆ ಅವನ ಬೆನ್ನು ಹತ್ತಿ ಮೇಲೆ ಕೆಳಗೆ ಸರಿಯುವಂತೆ ಮಾಡಿದರು. ತಲೆಯ ಮೇಲೇನಿದೆ, ಹಳ್ಳದ ಕೆಳಗೇನಿದೆ ಎಂದು ಇಣುಕಿ ನೋಡಲು ಒಂದು ಗುಂಡಿ ಒತ್ತಿದರೆ ಸಾಕು. ಹತ್ತು ವರ್ಷ ಮೊದಲು, 1989ರಲ್ಲಿ, ನಿಂಟೆಂಡೊದ ಗುನ್ಪೆ ಯೊಕೊಯಿಯ ತಂಡ ಹಿಡಿದ ದಾರಿ ಬೇರೆ. ನಾಲ್ಕೇ ಛಾಯೆ ತೋರುವ ಮೊದಲ ಗೇಮ್ ಬಾಯ್‌ಗಾಗಿ ‘ಸೂಪರ್ ಮಾರಿಯೋ ಲ್ಯಾಂಡ್’ ಎಂಬ ಬೇರೆ ಆಟವನ್ನೇ ಕಟ್ಟಿತು. ಅದರಲ್ಲಿ ಪಾತ್ರಗಳೇ ಚಿಕ್ಕವು.

ಎಡವಿದವರೂ ಇದ್ದಾರೆ. 1992ರಲ್ಲಿ ಸೆಗಾ ಕಂಪನಿಯ ಅಂಗೈ ಯಂತ್ರ ಗೇಮ್ ಗೇರ್‌ಗೆ ಬಂದ ‘ಸೋನಿಕ್ 2’ರ ಮೊದಲ ದೊಡ್ಡ ಕಾದಾಟದಲ್ಲಿ ಪುಟಿಯುತ್ತ ಬರುವ ಗುಂಡುಗಳು ಕಣ್ಣಿಗೆ ಬೀಳುವಷ್ಟರಲ್ಲಿ ಮೈಮೇಲೆ ಬಂದಿರುತ್ತವೆ. ಅದೇ ಆಟದ ಟಿವಿ ಆವೃತ್ತಿಯಲ್ಲಿ ತಪ್ಪಿಸಿಕೊಳ್ಳಲು ಸಿಗುತ್ತಿದ್ದ ಆ ಅರೆಕ್ಷಣವನ್ನು ಚಿಕ್ಕ ಪರದೆ ಕಸಿದುಕೊಂಡಿತ್ತು.

ಬಟನ್ ಫೋನಿನಲ್ಲಿ ತೊಡಕು ಇನ್ನೂ ಬೇರೆ. 2017ರ ಜಿಯೋಫೋನಿನ 2.4 ಇಂಚಿನ ಪರದೆಯಲ್ಲಿ 240 ಚುಕ್ಕೆ ಅಗಲ, 320 ಎತ್ತರ. ಮಾರಿಯೋಗೆ ಬೇಕಾದದ್ದು ಮುಂದಿನ ದಾರಿ, ಇಲ್ಲಿ ಹೆಚ್ಚಾಗಿ ಸಿಗುವುದು ಆಕಾಶ. ಎಷ್ಟೋ ಕೀಪ್ಯಾಡುಗಳು ಏಕಕಾಲಕ್ಕೆ ಎರಡು ಗುಂಡಿ ಒತ್ತಿದರೆ ಒಂದನ್ನೇ ಗುರುತಿಸುತ್ತವೆ. ಓಡುತ್ತ ಜಿಗಿಯುವುದು ಹೇಗೆ? ಜಾವಾ ಫೋನುಗಳ ಕಾಲದ ಅನೇಕ ಆಟಗಳಲ್ಲಿ 1 ಒತ್ತಿದರೆ ಎಡಕ್ಕೆ, 3 ಒತ್ತಿದರೆ ಬಲಕ್ಕೆ ಓರೆ ಜಿಗಿತ. ನೋಕಿಯಾದ ಕೆಂಪು ಚೆಂಡಿನ ‘ಬೌನ್ಸ್ ಟೇಲ್ಸ್’ ಆಡಿದವರಿಗೆ ಬೆರಳಿನ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತು.

ಕನ್ನಡದಲ್ಲಿ ಆಟ ಬರೆಯಹೊರಟರೆ ಮತ್ತೊಂದು ಸವಾಲು ಎದುರಾಗುತ್ತದೆ. ಹಳೆಯ ಆಟಗಳ ಇಂಗ್ಲಿಷ್ ಅಕ್ಷರ ಎಂಟು ಚುಕ್ಕೆಯ ಚೌಕದಲ್ಲಿ ಕೂರುತ್ತದೆ. ‘ಸ್ತ್ರೀ’, ‘ರಾಷ್ಟ್ರ’ ಅಷ್ಟರಲ್ಲಿ ಕೂರುವುದಿಲ್ಲ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಬಿಡಿ ಅಕ್ಷರಗಳನ್ನು ಜೋಡಿಸುವ ಬದಲು ‘ಮತ್ತೆ ಆಡು’, ‘ಸೋತೆ’ ಎಂಬ ಇಡೀ ಪದವನ್ನೇ ಚಿತ್ರವಾಗಿ ಬರೆದಿಡುವುದು ಒಂದು ಉಪಾಯ. ಇದನ್ನು ಕನ್ನಡದ ಹುಡುಗ ಹುಡುಗಿಯರೇ ಕೂತು ಬಿಡಿಸಬೇಕು.

ಕರ್ನಾಟಕಕ್ಕೆ ಈ ಕ್ಷೇತ್ರ ಹೊಸದಲ್ಲ. ಆಟ ತಯಾರಿಸುವ ಕಂಪನಿ ಧ್ರುವ ಇಂಟರಾಕ್ಟಿವ್ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. ಅನಿಮೇಶನ್ ಮತ್ತು ಗೇಮಿಂಗ್‌ಗೆಂದು ರಾಜ್ಯ 2012ರಲ್ಲೇ ನೀತಿ ತಂದಿತು, ಈಗಿನದು 2024–29ರದ್ದು. ಆ ಹೆಸರಿಗೇ ಈಗ ‘ಎಕ್ಸ್‌ಆರ್’ ಸೇರಿದೆ, ಅಂದರೆ ತಲೆಗೆ ಕಟ್ಟಿಕೊಳ್ಳುವ ಹೊಸ ಸಾಧನಗಳ ಲೋಕ. ಅದು ಬೇಕು, ಅನುಮಾನವಿಲ್ಲ. ಆದರೆ ಆ ನೀತಿಯ ಹಣದಲ್ಲಿ ಒಂದು ಪಾಲು ಹಳೆಯ ಫೋನಿಗೆ ಕನ್ನಡದ ಆಟ ಮಾಡುವವರಿಗೂ ಸಲ್ಲಬೇಕು.

ಚಿಕ್ಕೋಡಿಯ ಕೆಎಲ್‌ಇ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದು ಹೇಳಿ ಮಾಡಿಸಿದ ವಿಷಯ. ಜಿಯೋಫೋನಿನ ಆ್ಯಪ್‌ಗಳು ಓಡುವುದು ವೆಬ್ ಪುಟಗಳ ಜಾವಾಸ್ಕ್ರಿಪ್ಟಿನಲ್ಲೇ, ಹೊಸ ಭಾಷೆ ಕಲಿಯಬೇಕಿಲ್ಲ. ನಿಂಟೆಂಡೊದ ಆಟವನ್ನು ನಕಲು ಮಾಡುವ ಹಕ್ಕು ಯಾರಿಗೂ ಇಲ್ಲ, ಅದರ ಅಗತ್ಯವೂ ಇಲ್ಲ. ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿದ ಕಬ್ಬಿನ ಟ್ರೇಲರ್‌ಗಳ ಮೇಲೆ ಜಿಗಿಯುತ್ತ ಹೋಗುವ ಹುಡುಗಿಯ ಆಟವನ್ನು ಈ ಸೀಮೆಯವರಲ್ಲದೆ ಬೇರೆ ಯಾರು ಮಾಡಿಯಾರು? ಓದಿ ಕಲಿಯಲು ಒಳ್ಳೆಯ ಮಾದರಿಯೂ ಇದೆ. ಜೋರ್ಡನ್ ಮೆಕ್ನರ್ 1989ರ ತನ್ನ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಮೂಲ ಕೋಡನ್ನು 2012ರಲ್ಲಿ ಎಲ್ಲರ ಮುಂದಿಟ್ಟಿದ್ದಾನೆ. ಹೊಸ ಶತ್ರುವನ್ನು ಬರೆಯಲು ಮೆಮೊರಿ ಸಾಲದಾದಾಗ ನಾಯಕನ ಚಿತ್ರಗಳನ್ನೇ ತಿರುಚಿ ಅವನ ನೆರಳನ್ನು ಎದುರಾಳಿಯಾಗಿ ನಿಲ್ಲಿಸಿದವನು ಆತ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ಇದೆ. ಇಂಥ ಪ್ರಾಜೆಕ್ಟುಗಳಿಗೆ ಅಂಕ ಕೊಡುವಾಗ ಅದರ ಪರೀಕ್ಷಕರು ಲ್ಯಾಪ್‌ಟಾಪಿನ ಪ್ರದರ್ಶನ ನೋಡಿ ಸುಮ್ಮನಾಗದೆ, ಬಟನ್ ಫೋನನ್ನೇ ಕೈಗೆ ತೆಗೆದುಕೊಂಡು ಒಂದು ಹಂತವನ್ನಾದರೂ ಆಡಿ ನೋಡಲಿ.