ನಕ್ಷೆಯಲ್ಲಿ ಹೆತ್ತವರ ಕೋಣೆ ಎಲ್ಲಿದೆ?

ನಂಜನಗೂಡು, ತಿ. ನರಸೀಪುರಗಳಲ್ಲಿ ಕೂಡುಕುಟುಂಬಕ್ಕೆಂದು ಹೊಸ ಮನೆಯ ನಕ್ಷೆ ಬರೆಸುವಾಗ ನಮ್ಮಲ್ಲಿ ಅನೇಕರು ಮೊದಲು ಗುರುತಿಸುವುದು ಬೀದಿಬದಿಯ ಬಾಡಿಗೆ ಮಳಿಗೆಯನ್ನು, ಅನಂತರ ಅತಿಥಿಗಳ ದಿವಾನಖಾನೆಯನ್ನು. ವೃದ್ಧ ತಂದೆತಾಯಿಗಳಿಗೆ ಉಳಿಯುವುದು ಮಹಡಿಯ ಕೋಣೆ. ಮೊಣಕಾಲು ನೋವಿನ ತಾಯಿ ಅಂಗಳಕ್ಕಿಳಿಯುವುದು ಅಂದಿಗೇ ನಿಲ್ಲುತ್ತದೆ. ತಂದೆಗೆ ಮಸೀದಿಯ ಜಮಾಅತ್ ತಪ್ಪುತ್ತದೆ. ವೃದ್ಧ ಹೆತ್ತವರೆದುರು ಬೇಸರದ ಉದ್ಗಾರವನ್ನೂ ನಿಷೇಧಿಸಿದ ಕುರ್‌ಆನಿನ (17:23) ಅನುಯಾಯಿಗಳ ಮನೆಗಳಲ್ಲಿ ಹೀಗಾಗುತ್ತಿರುವುದು ಖೇದಕರ.

ಹಿರಿಯರಿಗೆ ನೆಲ ಅಂತಸ್ತೇ ಸರಿ. ಆದರೆ 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ಮರೆಯಲಾಗದು. ಕಾವೇರಿಯೂ ಕೂಡುವ ನರಸೀಪುರಕ್ಕೂ ಈ ಎಚ್ಚರ ಬೇಕು. ಹೊಳೆದಂಡೆಯ ನಿವೇಶನವಾದರೆ ತಳಪಾಯವನ್ನು ಎತ್ತರಿಸಿ, ಬಾಗಿಲಿಗೆ ಇಳಿಜಾರು ಕಟ್ಟಿಸಲಿ. ಶೌಚಾಲಯ ಕೋಣೆಗೆ ಹೊಂದಿಕೊಂಡೇ ಇರಲಿ.

ಇನ್ನು ಸೊಸೆಯಂದಿರ ವಿಚಾರ. ಫಜ್ರ್‌ಗೆ ಮುನ್ನ, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ಇಶಾದ ಬಳಿಕ ಮನೆಯ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕೆಂದು ಕುರ್‌ಆನ್ (24:58) ಆದೇಶಿಸುತ್ತದೆ. ಮಲಗಿರುವ ಮೈದುನರನ್ನು ದಾಟಿಯೇ ಸ್ನಾನಗೃಹಕ್ಕೆ ಹೋಗಬೇಕಾದ ಹೆಣ್ಣುಮಗಳಿಗೆ ಪರ್ದಾದ ಉಪದೇಶ ಮಾಡಲು ನಮಗೆ ಯಾವ ಹಕ್ಕಿದೆ? ಗೋಡೆಯನ್ನು ತಪ್ಪಾದೆಡೆ ಕಟ್ಟಿದವರು ನಾವೇ ತಾನೆ?

ನಕ್ಷೆಯನ್ನು ಒಪ್ಪುವ ಮುನ್ನ ಹಿರಿಯರನ್ನೂ ಸೊಸೆಯಂದಿರನ್ನೂ ಕೂರಿಸಿ ಸಮಾಲೋಚಿಸೋಣ. ಅಗತ್ಯವಿದ್ದರೆ ಮಳಿಗೆಯನ್ನೇ ಕೈಬಿಡೋಣ.